ಸಮವೇತನದ ಧರ್ಮಸಂಕಟ

ಧರ್ಮಸಂಕಟವೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಎರಡು ಸೇನೆಗಳ ನಡುವೆ ನಿಂತ ಪಾರ್ಥನ ರಥ, ಇಲ್ಲವೇ ತಂದೆಯ ಮಾತಿಗೂ ಪಟ್ಟಾಭಿಷೇಕಕ್ಕೂ ನಡುವೆ ನಿಂತ ಅಯೋಧ್ಯೆಯ ರಾಜಕುಮಾರ. ಮಹಾಪುರುಷರಿಗೆ ಬಂದ ಸಂಕಟಗಳು ಮಹತ್ತಾದವು. ನಮ್ಮಂಥ ಸಾಮಾನ್ಯ ಗೃಹಸ್ಥರಿಗೆ ಬರುವವು ಗಾತ್ರದಲ್ಲಿ ಕಿರಿದು: ಊರಿನ ಜಮೀನಿನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವುದೇ ಬೇಡವೇ, ವೃದ್ಧಮಾತೆಯನ್ನು ಮುಂಬಯಿಗೆ ಕರೆತರುವುದೇ ಊರಿನಲ್ಲೇ ಬಿಡುವುದೇ, ಕೈಯಲ್ಲಿರುವ ನೌಕರಿಯನ್ನು ತೊರೆದು ಇನ್ನೊಂದಕ್ಕೆ ಹೋಗುವುದೇ ಇಲ್ಲವೇ. ದೇವಿಯ ಮಹಿಮೆಯನ್ನು ಸ್ಮರಿಸಬೇಕಾದ ಈ ಪುಟಗಳಲ್ಲಿ ನೌಕರಿಯ ವಿಚಾರವೇಕೆಂದು ಕೆಲವರು ಕೇಳಬಹುದು. ಆದರೆ ನವಮಿಯಂದು ನಾವು ಪೂಜಿಸುವುದು ಆಯುಧಗಳನ್ನು, ಎಂದರೆ ನಮ್ಮ ಅನ್ನದ ಸಾಧನಗಳನ್ನು. ಬ್ಯಾಂಕುಗಳಲ್ಲಿ ಹಿಂದೆ ದಪ್ಪ ಲೆಡ್ಜರುಗಳಿಗೆ ಇಡುತ್ತಿದ್ದ ಕುಂಕುಮವನ್ನು ಈಗ ಕಂಪ್ಯೂಟರಿನ ಅಂಚಿಗೆ ಇಡುತ್ತಾರೆ. ತಿಜೋರಿಯ ಬಾಗಿಲಿಗೆ ಮಾತ್ರ ಅಂದಿನಂತೆಯೇ ಚೆಂಡುಹೂವಿನ ಮಾಲೆ. ಪೂಜೆಗೆ ಯೋಗ್ಯವಾದುದು ವಿಚಾರಕ್ಕೂ ಯೋಗ್ಯವೆಂದೇ ನನ್ನ ಭಾವನೆ.

ನೌಕರಿಯ ಬದಲಾವಣೆಯಲ್ಲಿ ಸಾಮಾನ್ಯವಾಗಿ ಯೋಚನೆಗೆ ಅವಕಾಶವೇ ಇರುವುದಿಲ್ಲ. ಹೊಸ ಕೆಲಸಕ್ಕೆ ಸಂಬಳ ಹೆಚ್ಚಾಗಿದ್ದರೆ ಆಸೆ ಉತ್ತರಿಸುತ್ತದೆ; ಕಡಿಮೆಯಾಗಿದ್ದರೆ ಭಯ ಉತ್ತರಿಸುತ್ತದೆ. ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರನ್ನು ಕೇಳಿನೋಡಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿಯುತ್ತಿದ್ದ ಆ ಹುಡುಗರು ಐದು ರೂಪಾಯಿ ಹೆಚ್ಚು ಕೊಡುವ ಧಣಿಯ ಬಳಿಗೆ ಹೋಗುತ್ತಿದ್ದರು; ಇಲ್ಲವೇ ಸಂಜೆ ಶಾಲೆಗೆ ಬಿಡುವ ಧಣಿಯ ಬಳಿಗೆ ಹೋಗುತ್ತಿದ್ದರು. ಅಲ್ಲಿ ಸಂಕಟವಿರಲಿಲ್ಲ, ಅಗತ್ಯವಿತ್ತು. ಎರಡು ಕಡೆಯೂ ಸಂಬಳ ಒಂದೇ ಆದಾಗ ಮಾತ್ರ ಆಸೆಯೂ ಭಯವೂ ಬಾಯಿ ಮುಚ್ಚುತ್ತವೆ. ಆಗ ಮನುಷ್ಯನೇ ಉತ್ತರ ಕೊಡಬೇಕಾಗುತ್ತದೆ. ಹಣದ ನೆಪ ಇಲ್ಲವಾದೊಡನೆ ‘ನನಗೆ ಏನು ಬೇಕು’ ಎಂಬ ಪ್ರಶ್ನೆ ‘ನಾನು ಎಂಥವನು’ ಎಂಬ ಪ್ರಶ್ನೆಯಾಗಿ ತಿರುಗಿಬಿಡುತ್ತದೆ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಕಿರಿಯ ಸಹೋದ್ಯೋಗಿಯೊಬ್ಬನಿಂದ. ನನಗೆ ತಮ್ಮನ ವಯಸ್ಸಿನವನಾದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ಉಡುಪಿಯ ಕಡೆಯವನು, 2012ರಲ್ಲಿ ನಮ್ಮ ಶಾಖೆಗೆ ಗುಮಾಸ್ತನಾಗಿ ಬಂದವನು. (2024ರ ವೇತನ ಒಪ್ಪಂದದೊಡನೆ ಗುಮಾಸ್ತನೆಂಬ ಹೆಸರು ಹೋಗಿ ನಾವೆಲ್ಲರೂ ಗ್ರಾಹಕಸೇವಾ ಸಹಾಯಕರಾಗಿದ್ದೇವೆ. ಹೆಸರು ಬದಲಾದರೂ ಕುರ್ಚಿ ಅದೇ.) ಮುಂಬಯಿಯಲ್ಲೇ ಇರುವ ಒಂದು ಧರ್ಮಾರ್ಥ ಆಸ್ಪತ್ರೆಯ ಟ್ರಸ್ಟಿನವರು ಅವನನ್ನು ತಮ್ಮ ಲೆಕ್ಕಪತ್ರ ವಿಭಾಗಕ್ಕೆ ಕರೆದರು. ಸಂಬಳ ಇಲ್ಲಿಗಿಂತ ನೂರಿನ್ನೂರು ರೂಪಾಯಿ ಆಚೀಚೆ. “ಅಣ್ಣಾ, ನೀವು ಹೇಳಿದ ಹಾಗೆ ಮಾಡುತ್ತೇನೆ” ಎಂದು ನನ್ನ ಬಳಿಗೆ ಬಂದ. ಹಾಗೆ ಹೇಳುವವರು ಎಂದೂ ಹಾಗೆ ಮಾಡುವುದಿಲ್ಲವೆಂಬುದು ಬೇರೆ ಮಾತು.

ಸಂಬಳ ಸಮವೆಂದು ನಾವು ಹೇಳುವಾಗ ಅದು ನಿಜವಾಗಿಯೂ ಸಮವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಲೆಕ್ಕದ ಮನುಷ್ಯನಾದ ನಾನು ಅದನ್ನು ಬಿಟ್ಟು ಮುಂದೆ ಹೋಗಲಾರೆ. ಬ್ಯಾಂಕಿನ ತುಟ್ಟಿಭತ್ಯೆ ಮೂರು ತಿಂಗಳಿಗೊಮ್ಮೆ ಬೆಲೆಸೂಚಿಯನ್ನು ಅನುಸರಿಸಿ ಏರಿಳಿಯುತ್ತದೆ. ಟ್ರಸ್ಟಿನಲ್ಲಿ ವರ್ಷಕ್ಕೊಮ್ಮೆ ಮಂಡಳಿಯವರ ಮನಸ್ಸನ್ನು ಅನುಸರಿಸಿ. ನಮ್ಮಲ್ಲಿ ಸಂಘವಿದೆ, ಅಲ್ಲಿ ಕೈಮುಗಿಯುವುದಷ್ಟೇ ಇದೆ. ನನ್ನಂತೆ 2010ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರ ಪಿಂಚಣಿಯ ನಿಯಮವೇ ಬೇರೆ. ನಡುವೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುತ್ತದೆ. ಆದ್ದರಿಂದ ಇದೇ ಕರೆ ನನಗೆ ಬಂದಿದ್ದರೆ ಅದು ಸಮವೇತನದ ಕರೆಯೇ ಆಗುತ್ತಿರಲಿಲ್ಲ. ಅನಂತರ ಸೇರಿದ ಅವನ ಪಿಂಚಣಿ ಖಾತೆ ಅವನ ಹೆಸರಿನಲ್ಲಿಯೇ ಇದ್ದು, ಅವನು ಹೋದಲ್ಲಿಗೆ ಅವನೊಡನೆ ಹೋಗುತ್ತದೆ. ರಿಯಾಯಿತಿ ಬಡ್ಡಿಯ ಗೃಹಸಾಲವೂ ಅವನಿಗಿಲ್ಲ. ತಂದೆಯ ಕಾಲದ ಚಾಳಿನ ಕೋಣೆಯಲ್ಲೇ ಸಂಸಾರ. ಹೀಗಾಗಿ ಕೂಡಿ ಕಳೆದು ನೋಡಿದಾಗ ಅವನ ತಕ್ಕಡಿ ಹೆಚ್ಚುಕಡಿಮೆ ಸಮವಾಗಿಯೇ ನಿಂತಿತು.

ಹಾಗಿದ್ದರೆ ಹೋಗಬೇಕೆಂಬ ಮನಸ್ಸಾದರೂ ಏಕೆ ಬಂತು? ಕಾರಣ ಒಬ್ಬ ವೃದ್ಧರು. 1982ರ ಮುಷ್ಕರದಲ್ಲಿ ಗಿರಣಿಯ ಕೆಲಸ ಕಳೆದುಕೊಂಡು, ಆಮೇಲೆ ಏನೇನೋ ಮಾಡಿ ಐದು ಲಕ್ಷ ರೂಪಾಯಿ ಕೂಡಿಟ್ಟಿದ್ದ ಮರಾಠಿ ಅಜ್ಜ. ಠೇವಣಿಯನ್ನು ನವೀಕರಿಸಲು ಬಂದವರನ್ನು, ವಿಮಾ ಕಂಪನಿಯ ಪ್ರತಿನಿಧಿ ಕುಳಿತ ಮೇಜಿನ ಬಳಿಗೆ ಕಳುಹಿಸಬೇಕೆಂದು ಮೌಖಿಕ ಅಪ್ಪಣೆ. ಶಾಖೆಗೆ ಇಷ್ಟು ಪಾಲಿಸಿಗಳೆಂದು ಗುರಿ ನಿಗದಿಯಾಗಿರುತ್ತದೆ. ಗುರಿ ಮುಟ್ಟಿದವರಿಗೆ ಸಣ್ಣಪುಟ್ಟ ಬಹುಮಾನಗಳೂ ಉಂಟು. ಅಜ್ಜ ಆ ಮೇಜಿನಿಂದ ಏಳುವ ಹೊತ್ತಿಗೆ ಐದು ಲಕ್ಷದಲ್ಲಿ ಒಂದು ಲಕ್ಷ ವಿಮೆಯ ಕಂತಾಗಿತ್ತು. ಪ್ರತಿ ವರ್ಷವೂ ಅಷ್ಟೇ ಕಟ್ಟಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಬ್ಯಾಂಕಿನ ಮೇಜಿನ ಮೇಲೆ ಸಹಿ ಹಾಕಿದ್ದೆಲ್ಲವೂ ಠೇವಣಿಯೇ ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ತಪ್ಪೆನ್ನಲು ನನಗೆ ನಾಲಗೆ ಬಾರದು. ಅದೇ ನಂಬಿಕೆಯ ಮೇಲೆ ನಮ್ಮೆಲ್ಲರ ಸಂಬಳ ನಿಂತಿದೆ.

ಮುಂದಿನ ವಾರ ಪಾಸ್‌ಬುಕ್ ತುಂಬಿಸಲು ಬಂದಾಗ ನಮ್ಮ ತರುಣ ಅದನ್ನು ಗಮನಿಸಿದ. ಪಾಲಿಸಿಯ ಕಾಗದ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಮರಳಿಸುವ ಹಕ್ಕು ಕೊಂಡವನಿಗಿದೆ. ಸಾಮಾನ್ಯವಾಗಿ 15 ದಿನಗಳಿದ್ದ ಈ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 30ಕ್ಕೆ ಏರಿಸಿತು. ಮುದ್ರಾಂಕ ಶುಲ್ಕವೇ ಮೊದಲಾದ ಸ್ವಲ್ಪ ಕಡಿತ ಹೋಗಿ ಉಳಿದ ಹಣ ಹಿಂತಿರುಗಿ ಬರುತ್ತದೆ. (ಈ ಸಂಚಿಕೆಯನ್ನು ಓದುವ ಹಿರಿಯರು ಇಷ್ಟೊಂದು ವಿಷಯವನ್ನು ನೆನಪಿಟ್ಟುಕೊಂಡರೂ ನನ್ನ ಲೇಖನ ಸಾರ್ಥಕ.) ಅವನು ಅಜ್ಜನಿಗೆ ಅರ್ಜಿ ಬರೆದುಕೊಟ್ಟ, ಹಣ ಹಿಂತಿರುಗಿತು. ಶಾಖೆಯಲ್ಲಿ ಮಾತ್ರ ಅವನ ಕಡೆಗೆ ನೋಟಗಳು ಬದಲಾದವು. ಗುರಿಯ ಪಟ್ಟಿಯಿಂದ ಒಂದು ಅಂಕಿ ಹಿಂದೆ ಸರಿಯಿತೆಂದರೆ ಆಯಿತಲ್ಲ! ಟ್ರಸ್ಟಿನ ಕರೆ ಬಂದದ್ದು ಆ ತಿಂಗಳಲ್ಲಿ.

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಎಲ್ಲರೂ ಬಲ್ಲರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನವರು ಅದನ್ನು ಒಲೆಯ ಮೇಲೇರಿಸಲಿಲ್ಲ; ಹೆಚ್ಚಿನದನ್ನು ಹಿಂದಿರುಗಿಸಿ ಬರಬೇಕೆಂದು ಕಳುಹಿಸಿದರು. ಆ ಅಕ್ಕಿ ಕದ್ದದ್ದಲ್ಲ, ಯಾರಿಂದಲೂ ಕಸಿದದ್ದೂ ಅಲ್ಲ. ಆದರೂ ಅದು ದುಡಿಮೆಯ ಅಳತೆಯನ್ನು ಮೀರಿ ಬಂದದ್ದು. ನಮ್ಮ ತಿಂಗಳ ಸಂಬಳದ ಜೊತೆಗೆ ಬರುವ ‘ಗುರಿ ಮುಟ್ಟಿದ’ ಬಹುಮಾನಗಳನ್ನು ಕಂಡಾಗಲೆಲ್ಲ ನನಗೆ ಆ ತಾಯಿಯ ನೆನಪಾಗುತ್ತದೆ. ಲಕ್ಕಮ್ಮನವರಂಥವರು ಪ್ರತಿ ಶಾಖೆಯ ಬಾಗಿಲಲ್ಲಿ ಒಬ್ಬರು ನಿಂತಿದ್ದರೆ ಎಷ್ಟು ಪೊಟ್ಟಣಗಳು ಹಿಂದಕ್ಕೆ ಹೋಗುತ್ತಿದ್ದವೋ!

ಬಿ.ಎ. ತರಗತಿಯಲ್ಲಿ ನಮಗೆ ತರ್ಕಶಾಸ್ತ್ರ ಹೇಳುತ್ತಿದ್ದ ಅಧ್ಯಾಪಕರು ಬುರಿಡಾನನ ಕತ್ತೆಯ ಕಥೆಯನ್ನು ಹೇಳುತ್ತಿದ್ದರು. ಬುರಿಡಾನನು 14ನೆಯ ಶತಮಾನದ ಫ್ರಾನ್ಸಿನ ತತ್ತ್ವಜ್ಞಾನಿ. ಸಮಾನ ದೂರದಲ್ಲಿರುವ ಸಮಾನ ಗಾತ್ರದ ಎರಡು ಹುಲ್ಲಿನ ಮೆದೆಗಳ ನಡುವೆ ನಿಂತ ಕತ್ತೆ, ಯಾವುದನ್ನೂ ಆರಿಸಲು ಕಾರಣ ಸಾಲದೆ ಉಪವಾಸದಿಂದ ಸಾಯುತ್ತದಂತೆ. ಆ ಕಥೆ ಅವನ ಗ್ರಂಥಗಳಲ್ಲಿ ಇಲ್ಲವೆಂದೂ, ಅವನ ವಾದವನ್ನು ಹಾಸ್ಯ ಮಾಡಲು ಇತರರು ಕಟ್ಟಿದ್ದೆಂದೂ ತಿಳಿದವರು ಹೇಳುತ್ತಾರೆ. ಕಥೆ ಚೆನ್ನಾಗಿದೆ; ಆದರೆ ಮನುಷ್ಯನಿಗೆ ಹೊಂದುವುದಿಲ್ಲ. ಕತ್ತೆಯ ಮುಂದಿರುವುದು ಹುಲ್ಲು ಮಾತ್ರ. ನೌಕರಿಯೆಂಬುದು ಹುಲ್ಲಿನ ಮೆದೆಯಲ್ಲ. ಅದರ ಆಚೆ ಬದಿಯಲ್ಲಿ ಯಾವಾಗಲೂ ಯಾರೋ ಒಬ್ಬರು ಚೀಟಿ ಹಿಡಿದು ನಿಂತಿರುತ್ತಾರೆ.

ಇಲ್ಲಿ ಸ್ವಧರ್ಮದ ಮಾತು ಬರುತ್ತದೆ. ಗೀತೆಯ ಸ್ವಧರ್ಮವನ್ನು ಹಿಡಿದುಕೊಂಡು, ದೇವರು ಕೂರಿಸಿದ ಕುರ್ಚಿಯಿಂದ ಏಳಕೂಡದೆಂದು ಉಪದೇಶಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಈ ಅರ್ಥ ನನಗೆ ಒಪ್ಪಿಗೆಯಿಲ್ಲ. ದಸರೆಯ ಕಥೆಯೇ ಅದಕ್ಕೆ ವಿರುದ್ಧ ಸಾಕ್ಷಿ. ಪಾಂಡವರು ಆಯುಧಗಳನ್ನು ಶಮೀವೃಕ್ಷದ ಮೇಲಿಟ್ಟು ವಿರಾಟನ ನಗರದಲ್ಲಿ ಬೇರೆ ಬೇರೆ ಉದ್ಯೋಗಗಳಿಗೆ ಸೇರಿದರು. ಚಕ್ರವರ್ತಿಯಾಗಿದ್ದವನು ಕಂಕಭಟ್ಟನಾಗಿ ರಾಜನೊಡನೆ ಪಗಡೆಯಾಡಿದ; ಭೀಮ ಸೌಟು ಹಿಡಿದ; ಗಾಂಡೀವಿಯು ಬೃಹನ್ನಳೆಯಾಗಿ ಅಂತಃಪುರದ ಮಕ್ಕಳಿಗೆ ನಾಟ್ಯ ಕಲಿಸಿದ; ನಕುಲ ಕುದುರೆಗಳನ್ನೂ ಸಹದೇವ ಗೋವುಗಳನ್ನೂ ನೋಡಿಕೊಂಡರು; ದ್ರೌಪದಿ ಸೈರಂಧ್ರಿಯಾದಳು. ಹುದ್ದೆ ಮರದ ಮೇಲೆ ಹೋಯಿತು, ಧರ್ಮ ಅವರೊಡನೆ ನಗರಕ್ಕೆ ಬಂತು. ಅಡುಗೆಮನೆಯಲ್ಲಿದ್ದ ಭೀಮನು ಕೀಚಕನ ವಿಷಯದಲ್ಲಿ ‘ನಾನು ಈಗ ಬಾಣಸಿಗ, ಇದು ನನ್ನ ವಿಭಾಗವಲ್ಲ’ ಎನ್ನಲಿಲ್ಲ. ಮಳೆ ಬಾರದಾಗ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ವಾಡಿಕೆಯುಂಟು. ನೌಕರಿಯ ಚಿಂತೆ ಹತ್ತಿದಾಗಲೂ ಓದಿಸಬಹುದೆಂದು ನನಗೆ ತೋರುತ್ತದೆ. ಆದುದರಿಂದ ಕೆಲಸ ಬದಲಿಸುವುದೇ ಅಧರ್ಮವೆಂಬ ಮಾತನ್ನು ನಾನು ಬದಿಗಿಡುತ್ತೇನೆ. ಟ್ರಸ್ಟಿನ ಲೆಕ್ಕದ ಪುಸ್ತಕದಲ್ಲಿಯೂ ಸ್ವಧರ್ಮವನ್ನು ಬರೆಯಬಹುದು.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅವನು ಹೋದ ಮೇಲೆ ಆ ಕೌಂಟರಿಗೆ ಬರುವ ಮುಂದಿನ ಅಜ್ಜನಿಗೆ ಮೂವತ್ತು ದಿನಗಳ ಮಾತನ್ನು ಹೇಳುವವರು ಯಾರು? ಅನ್ಯಾಯದ ನೆರಳಿರುವ ಮನೆಯಿಂದ ಹೊರಬಂದವನ ಕೈ ಶುಭ್ರವಾಗಿ ಉಳಿಯುತ್ತದೆ, ನಿಜ. ಆ ಶುಭ್ರತೆಗೆ ಒಳಗುಳಿದವರು ಬೆಲೆ ತೆರುತ್ತಾರೆ.

ಹಸ್ತಿನಾವತಿಯ ಆಸ್ಥಾನವನ್ನು ಈ ದೃಷ್ಟಿಯಿಂದ ನೋಡಿದಾಗ ನನಗೆ ಬಹಳ ವಿಷಯಗಳು ಹೊಳೆದವು. ಅಲ್ಲಿ ಒಂದೇ ಅನ್ನ ಉಂಡ ಹಲವರಿದ್ದರು. ಭೀಷ್ಮಾಚಾರ್ಯರು ಕೊನೆಯವರೆಗೂ ಉಳಿದರು. ಯುದ್ಧಾರಂಭದಲ್ಲಿ ಆಶೀರ್ವಾದ ಬೇಡಿ ಬಂದ ಧರ್ಮರಾಯನಿಗೆ, ಕೌರವರ ಅರ್ಥಕ್ಕೆ ತಾವು ಕಟ್ಟುಬಿದ್ದವರೆಂದು ಹೇಳಿಕೊಂಡರು. ಅಷ್ಟು ದೊಡ್ಡವರ ಬಾಯಲ್ಲಿ ಸಂಬಳದ ಮಾತು ಕೇಳಿದಾಗ ನಮ್ಮಂಥವರ ಎದೆ ಝಲ್ಲೆನ್ನುತ್ತದೆ. ವಿಕರ್ಣನು ದ್ಯೂತಸಭೆಯಲ್ಲಿ ಅತ್ತಿಗೆಯ ಪರವಾಗಿ ಎದ್ದು ಮಾತನಾಡಿದ. ಮಾತು ನಡೆಯದಾಗ ಸುಮ್ಮನಾಗಿ, ಮುಂದೆ ಅಣ್ಣನ ಪಕ್ಷದಲ್ಲಿಯೇ ಕಾದಿ ಮಡಿದ. ಯುಯುತ್ಸು ರಣರಂಗದಲ್ಲಿ ಎಲ್ಲರೂ ನೋಡುತ್ತಿರುವಂತೆಯೇ ಪಕ್ಷ ಬದಲಿಸಿದ. ಲಂಕೆಯ ಕಡೆಗೆ ನೋಡಿದರೆ ವಿಭೀಷಣನಿದ್ದಾನೆ. ಅವನಾದರೂ ಅಣ್ಣನಿಗೆ ಹೇಳುವಷ್ಟೂ ಹೇಳಿ, ತಿರಸ್ಕೃತನಾದ ಮೇಲೆಯೇ ಕಡಲು ದಾಟಿದವನು.

ನನ್ನ ಮನಸ್ಸು ನಿಲ್ಲುವುದು ವಿದುರನ ಬಳಿ. ಅವನು ಉಳಿದದ್ದೂ ಉಂಟು, ಹೋದದ್ದೂ ಉಂಟು, ಮರಳಿ ಬಂದದ್ದೂ ಉಂಟು. ಪಾಂಡವರು ವಾರಣಾವತಕ್ಕೆ ಹೊರಟಾಗ ಅರಗಿನ ಮನೆಯ ಸುಳಿವನ್ನು ಗೂಢವಾಗಿ ತಿಳಿಸಿದವನು ಅವನು. ಬರಿಯ ಎಚ್ಚರಿಕೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ನೆಲ ಅಗೆಯುವ ಒಬ್ಬ ನಿಪುಣನನ್ನು ಕಳುಹಿಸಿ ಸುರಂಗ ತೋಡಿಸಿದ. ಗಂಗೆಯನ್ನು ದಾಟಿಸಲು ನಾವಿಕನನ್ನೂ ಅಣಿಮಾಡಿದ. ಆ ದಿನ ವಿದುರನು ಆಸ್ಥಾನವನ್ನು ತೊರೆದು ಎಲ್ಲಿಯೋ ಆಶ್ರಮ ಕಟ್ಟಿಕೊಂಡು ನಿರ್ಮಲನಾಗಿ ಕುಳಿತಿದ್ದರೆ ಅರಗಿನ ಸುದ್ದಿ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಒಳಗಿದ್ದವನಿಗೆ ಮಾತ್ರ ಸುರಂಗದ ದಿಕ್ಕು ತಿಳಿಯುತ್ತದೆ. ಪಾಂಡವರು ವನವಾಸಕ್ಕೆ ಹೋದ ಮೇಲೆ, ಹಿತವಚನವನ್ನು ಸಹಿಸದ ಧೃತರಾಷ್ಟ್ರ ಅವನನ್ನು ಬೇಕಾದಲ್ಲಿಗೆ ಹೋಗೆಂದ. ವಿದುರ ಕಾಮ್ಯಕವನಕ್ಕೆ ಹೋದ. ಅದೇ ಅರಸ ಪಶ್ಚಾತ್ತಾಪದಿಂದ ಸಂಜಯನನ್ನು ಅಟ್ಟಿ ಕರೆಸಿದಾಗ ಅಭಿಮಾನ ಹಿಡಿದು ಕೂರದೆ ಮರಳಿದ. ಕೊನೆಗೆ, ಕುಮಾರವ್ಯಾಸನ ಭಾರತದಲ್ಲಿ ನಾವು ಕಾಣುವಂತೆ, ಸಂಧಾನಕ್ಕೆ ಬಂದ ಕೃಷ್ಣನನ್ನು ಮನೆಯಲ್ಲಿರಿಸಿಕೊಂಡದ್ದಕ್ಕಾಗಿ ದುರ್ಯೋಧನ ಹೀನಾಯವಾಗಿ ನಿಂದಿಸಿದಾಗ, ತನ್ನ ಬಿಲ್ಲನ್ನೇ ಮುರಿದು ಹಾಕಿದ. ಬಿಲ್ಲು ಮುರಿಯುವ ದಿನ ಅವನಿಗೂ ಬಂತು. ಆದರೆ ಸುರಂಗ ತೋಡಿಸಿದ ನಂತರ ಬಂತು.

ಭೀಷ್ಮರೂ ಉಳಿದರು, ವಿದುರನೂ ಬಹುಕಾಲ ಉಳಿದ. ಇಬ್ಬರ ಉಳಿವೂ ಒಂದೇ ಎನ್ನಲಾದೀತೇ? ಉಳಿದವನು ಉಳಿದು ಏನು ಮಾಡುತ್ತಿದ್ದಾನೆ ಎಂಬುದರಲ್ಲಿಯೇ ಭೇದವಿದೆ. ‘ಒಳಗಿದ್ದು ಒಳ್ಳೆಯದು ಮಾಡುತ್ತೇನೆ’ ಎಂಬುದು ನೌಕರವರ್ಗದ ಬಹು ಪ್ರಿಯವಾದ ಸಮಾಧಾನ. ಈ ವರ್ಷ ಎಷ್ಟು ಸುರಂಗ ತೋಡಿದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ತಲೆ ತಗ್ಗಿಸಬೇಕಾದೀತು. ಹಾಗೆಂದು ಎಲ್ಲರನ್ನೂ ವಿದುರನ ಅಳತೆಯಲ್ಲಿ ಅಳೆಯುವುದೂ ನ್ಯಾಯವಲ್ಲ. ಅವನು ಅರಸನ ತಮ್ಮ, ಮಂತ್ರಿ. ನಮ್ಮ ತರುಣನೋ, ಮೇಲಿನವರು ಮುನಿದರೆ ದೂರದ ಶಾಖೆಗೆ ವರ್ಗವಾಗಬಲ್ಲ ಗುಮಾಸ್ತ. ಹೆಂಡತಿ, ಐದನೆಯ ತರಗತಿಯ ಮಗಳು, ಊರಿನಲ್ಲಿ ತಾಯಿ. ಗೃಹಸ್ಥನಿಗೆ ದಿನವೂ ಬಲಿದಾನ ಮಾಡೆಂದು ಯಾವ ಧರ್ಮಶಾಸ್ತ್ರವೂ ಹೇಳಿದಂತಿಲ್ಲ. ಇನ್ನೊಂದು ಭಯವೂ ಇದೆ. ದಿನದಿನವೂ ತಪ್ಪನ್ನು ನೋಡುತ್ತ ಕುಳಿತವನಿಗೆ ಅದು ಕ್ರಮೇಣ ಕಾಣಿಸದೆ ಹೋಗಬಹುದು; ಚುಚ್ಚುತ್ತಿದ್ದದ್ದು ಚುಚ್ಚದಂತಾಗಬಹುದು. ಹಾಗೆ ಆಗುವ ಮುನ್ನ ಎದ್ದು ಹೋಗುವುದು ಪಲಾಯನವಲ್ಲ, ಆತ್ಮರಕ್ಷಣೆ.

ಸಲಹೆ ಕೊಡುವವನ ಸ್ವಾರ್ಥವನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅವನು ಹೋದರೆ ಅವನ ಕೌಂಟರಿನ ಸಾಲು ನನ್ನ ಮುಂದೆ ಬಂದು ನಿಲ್ಲುತ್ತದೆ. ಬದಲಿ ಗುಮಾಸ್ತ ಬರುವುದಕ್ಕೆ ಎಷ್ಟು ತಿಂಗಳಾಗುವುದೋ ಬಲ್ಲವರಿಲ್ಲ. ಆದ್ದರಿಂದ ‘ಉಳಿ’ ಎಂದು ನಾನು ಹೇಳಿದರೆ ಅದನ್ನು ಅರ್ಧ ಬೆಲೆಗೆ ತೆಗೆದುಕೊಳ್ಳಬೇಕೆಂದು ಅವನಿಗೆ ಮೊದಲೇ ತಿಳಿಸಿದೆ. ನಕ್ಕುಬಿಟ್ಟ.

ಈ ನಡುವೆ ಊರಿನಲ್ಲಿ ಅವನ ತಾಯಿ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳಿದರು. ಬಲಕ್ಕೆ ಹೂವಾಯಿತು. ಹೋಗಬಹುದೆಂದು ದೇವರ ಅಪ್ಪಣೆ ಸಿಕ್ಕಿತೆಂದು ಮನೆಯವರೆಲ್ಲ ಸಂತೋಷಪಟ್ಟರೆ, ಸುದ್ದಿ ಕೇಳಿದ ಇವನ ಮುಖ ಸಣ್ಣದಾಯಿತು. “ಹೂವಾಯಿತೆಂದು ಕೇಳಿದ ಕ್ಷಣ ನನಗೆ ಆ ಅಜ್ಜನ ಮುಖವೇ ನೆನಪಾಯಿತು, ಅಣ್ಣಾ” ಎಂದ. ಇದನ್ನು ವಿಚಾರವಾದಿಗಳು ಕೇಳಿದರೆ ಪ್ರಸಾದ ಸುಳ್ಳೆನ್ನುವರು. ಕರ್ಮಠರು ಕೇಳಿದರೆ ಅವನಲ್ಲಿ ಭಕ್ತಿ ಸಾಲದೆನ್ನುವರು. ನನಗೆ ಎರಡೂ ಅಲ್ಲವೆನಿಸಿತು. ತಾಯಿ ಕೇಳಿದ್ದು ‘ಹೋಗಬಹುದೇ’ ಎಂದು. ದೇವರು ಕೊಟ್ಟದ್ದು ಅನುಮತಿ, ಆಜ್ಞೆಯಲ್ಲ. ಹೋಗಲು ಅಡ್ಡಿಯಿಲ್ಲವೆಂದು ತಿಳಿದ ಮೇಲೆಯೂ ಕಾಲು ಹಿಡಿದೆಳೆಯುವುದು ಏನೋ ಉಳಿದಿತ್ತೆಂಬುದು ಅವನಿಗೆ ತಿಳಿದದ್ದು ಆ ಹೂವಿನಿಂದಲೇ ಅಲ್ಲವೇ? ಅಡ್ಡಿಗಳಿರುವವರೆಗೆ ನಾವು ಅಡ್ಡಿಗಳ ಹಿಂದೆ ಅಡಗಿರುತ್ತೇವೆ.

ನಾನು ಅವನಿಗೆ ಹೇಳಿದ್ದು ಇಷ್ಟು. ಟ್ರಸ್ಟಿಗೆ ಹೋದರೂ ದೋಷವಿಲ್ಲ. ಆಸ್ಪತ್ರೆಯಲ್ಲಿಯೂ ಬಿಲ್ಲು ಹಿಡಿದ ಬಡವರು ಬರುತ್ತಾರೆ, ಅಲ್ಲಿಯೂ ಒಬ್ಬ ನೆಟ್ಟಗಿನ ಲೆಕ್ಕಿಗ ಬೇಕು. ಆದರೆ ಹೋಗುವ ಮುನ್ನ ಇಲ್ಲಿ ಹೇಳಬೇಕಾದುದನ್ನು ಹೇಳಬೇಕಾದವರಿಗೆ ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಒಮ್ಮೆ ಹೇಳು. ಹೇಳದೆ ಹೋದರೆ ಆ ಮಾತು ನಿನ್ನ ಹಿಂದೆಯೇ ಹೊಸ ಕಚೇರಿಗೆ ಬರುತ್ತದೆ. ಹೇಳಿದ ಮೇಲೆ ಅವರು ಏನು ಮಾಡುತ್ತಾರೆಂಬುದನ್ನು ನೋಡಿ ನಿರ್ಧರಿಸು.

ಅವನು ಮನವಿಯೊಂದನ್ನು ಬರೆದ. ವಿಮೆ ಕೊಳ್ಳುವುದು ಐಚ್ಛಿಕ, ಅದು ಠೇವಣಿಯಲ್ಲ, ಕೊಂಡರೂ 30 ದಿನಗಳೊಳಗೆ ಮರಳಿಸಬಹುದು ಎಂಬ ಮೂರು ಸಾಲುಗಳನ್ನು ಮರಾಠಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲಿ ಬರೆಸಿ ಠೇವಣಿ ಕೌಂಟರಿನ ಮೇಲೆ ಫಲಕ ಹಾಕಬೇಕೆಂಬುದು ಅದರ ಸಾರ. ನಾನೂ ಇನ್ನೊಬ್ಬರೂ ಅದಕ್ಕೆ ಸಹಿ ಹಾಕಿದ್ದೇವೆ. ಸಹಿ ಹಾಕುವಾಗ ನನ್ನ ಪಿಂಚಣಿಯ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಈ ಲೇಖನ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ. ಟ್ರಸ್ಟಿನವರು ದೀಪಾವಳಿಯವರೆಗೆ ಕಾಯಲು ಒಪ್ಪಿದ್ದಾರೆ.